ಅದು ಓಡಾಕತ್ತೈತಿ

ಬಸಗೊಂಡಪ್ಪ ನಾಲ್ಕನೆಯ ಸಲ ಅದೇ ಇಂಜೆಕ್ಷನ್ನಿನ ಚೀಟಿ ಕೇಳಿಕೊಂಡು ಬಂದು ನಿಂತಾಗ, ಡಾಕ್ಟರ್ ಪ್ರತಿಮಾಗೆ ಅವನ ಮುಖಕ್ಕೆ ರಿಜಿಸ್ಟರ್ ಎಸೆಯಬೇಕೆನಿಸಿತು. ಎಸೆಯಲಿಲ್ಲ. ಆ ಪಶು ಆಸ್ಪತ್ರೆಗೆ ಇದ್ದದ್ದೇ ಅದೊಂದು ರಿಜಿಸ್ಟರ್.

ಮೊದಲ ಸಲ ಬರೆದುಕೊಟ್ಟವಳು ಅವಳೇ. ಮುಧೋಳ ನಾಯಿಯ ಎಲುಬು ಕಾಣುವುದು ಹೊಸದೇನಲ್ಲ. ಆದರೆ ಅವನ ಬಿಳಿ ಹೆಣ್ಣುನಾಯಿ ಭೇದಿ ಹತ್ತಿ ಚಕ್ಕಳವಾಗಿತ್ತು. ತೂಕ ಹದಿನಾಲ್ಕೇ ಕೆಜಿ. ಮೈಯಲ್ಲಿ ಮಾಂಸಖಂಡ ತುಂಬಲೆಂದು ಇಂಜೆಕ್ಷನ್ ಕೊಟ್ಟಳು, ಎರಡು ವಾರದಲ್ಲಿ ಚೇತರಿಸಿಕೊಂಡಿತು. ಆಮೇಲೆ ಅವನು ನಾಯಿಯನ್ನು ಕರೆತರುವುದನ್ನು ಬಿಟ್ಟ, ಚೀಟಿ ಕೇಳುವುದನ್ನು ಬಿಡಲಿಲ್ಲ. ಸೂಜಿ ಚುಚ್ಚಲು ತನಗೇ ಬರುತ್ತದೆ ಎಂದ. ಎತ್ತು ಎಮ್ಮೆ ಸಾಕಿದ ಕೈ, ಅವಳೂ ನಂಬಿದ್ದಳು.

“ಈಗ ಹೇಗಿದೆ?”

“ಛಲೋ ಐತ್ರಿ. ದಿನಾ ಓಡಾಕತ್ತೈತಿ. ದನಿ ಅಷ್ಟ ಒಡದೈತ್ರಿ, ದಪ್ಪ ಆಗೇತಿ.”

“ಕುತ್ತಿಗೆಗೆ ಬಿಗಿಯಾಗಿ ಕಟ್ಟುತ್ತೀರಿ, ಅದಕ್ಕೇ.”

ಬಸಗೊಂಡಪ್ಪ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. “ಮೂರು ತಿಂಗಳಾತ್ರಿ, ರಕ್ತಾನೂ ಕಂಡಿಲ್ಲ.”

“ಯಾಕೆ ಕಾಣಬೇಕು? ವರ್ಷಕ್ಕೆ ಎರಡು ಸಲ ಬೆದೆಗೆ ಬಂದರೆ ಹೆಚ್ಚು.”

“ಹಂಗಾರ ಚಿಂತಿ ಇಲ್ಲ ಅಂತೀರಿ.” ಅವನ ಮುಖ ಹಗುರಾಯಿತು. “ಔಷಧ ಎರಡರಷ್ಟು ಮಾಡಿದರ ನಡೀತೈತೇನ್ರಿ? ಬರೂ ಐತವಾರ ಬಾಗಲಕೋಟ್ಯಾಗ ಓಟ ಐತಿ.”

ಓಟಕ್ಕಾಗಿ ಮೂಕಪ್ರಾಣಿಯ ಮೈಗೆ ವಿಷ ತುಂಬುವವನ ಹಲ್ಲುಕಿರಿತ ನೋಡಿ ಪ್ರತಿಮಾಗೆ ಹೇಸಿಗೆಯಾಯಿತು. ಇನ್ನು ಚೀಟಿಯೂ ಇಲ್ಲ, ಗೀಟಿಯೂ ಇಲ್ಲ ಎಂದು ಹೊರಗೆ ಕಳಿಸಿದಳು.

ಅವನು ಹೋದಮೇಲೆ, ಆಸ್ಪತ್ರೆಯ ಕಸ ಗುಡಿಸುವ ಮಾಯವ್ವ ಬಾಯಿಬಿಟ್ಟಳು.

“ಶೆಡ್ಡಿನ್ಯಾಗ ಮಿಷನ್ ಕುಂದರಿಸ್ಯಾನ್ರೀ ಬಾಯಾರ. ಬನಹಟ್ಟಿಯಿಂದ ಹಳೇ ಮಗ್ಗದ ಮೋಟರ್ ತಂದಾನ, ಸಕ್ರಿ ಫ್ಯಾಕ್ಟರ್‍ಯಾಗ ಒಗದಿದ್ದ ರಬ್ಬರ್ ಪಟ್ಟಾ ಹಚ್ಯಾನ. ಪಟ್ಟಾ ತಿರಗತೈತಿ, ಅದು ಓಡಬೇಕು. ನಿಂತರ ಹಿಂದಿನ ಗ್ವಾಡಿಗೆ ಹೋಗಿ ಬಡೀತೈತಿ.”

“ನಿನಗೆ ಯಾರು ಹೇಳಿದರು?”

“ನಮ್ಮ ಸೊಸಿ ಕಣ್ಣಾರೆ ನೋಡೈತ್ರಿ.”

ಮಂಡ್ಯದಿಂದ ವರ್ಗವಾಗಿ ಬಂದು ಎಂಟು ತಿಂಗಳಾಗಿದ್ದರೂ ಈ ಮಾತಿಗೆ ಪ್ರತಿಮಾ ನಗದೆ ಇರುತ್ತಿರಲಿಲ್ಲ. ‘ಸೊಸಿ ನೋಡೈತಿ’ ಅಂತೆ. ಸೊಸೆಯೇನು ಎಮ್ಮೆಯೇ ಎಂದು ಛೇಡಿಸುತ್ತಿದ್ದಳು. ಇವತ್ತು ನಗು ಬರಲಿಲ್ಲ.

“ಪಾಪ, ತಾಯಿ ಇಲ್ಲದ್ದು,” ಮಾಯವ್ವ ಕಸಬರಿಗೆ ಹಿಡಿದು ನಿಂತೇ ಇದ್ದಳು. “ಬಾಯಿಬಿಟ್ಟು ಹೇಳಾಕ ಬರತೈತೇನ್ರಿ ಅದಕ್ಕ?”

ಶನಿವಾರ ಮಧ್ಯಾಹ್ನ ಪ್ರತಿಮಾ ಸ್ಕೂಟಿಯ ಡಿಕ್ಕಿಯಲ್ಲಿ ಒಂದು ಸರಪಳಿ ಹಾಕಿಕೊಂಡು ಹೊರಟಳು. ಓಟ ನಾಳೆ. ಇವತ್ತು ಆ ನಾಯಿಯನ್ನು ಎಳೆದು ತರದಿದ್ದರೆ ನಾಳೆ ಅದು ಹೃದಯ ಒಡೆದು ಸಾಯುತ್ತದೆ. ಕೊಡದಿದ್ದರೆ ಪೊಲೀಸರಿಗೆ ಕೊಡಲು ದೂರು ಬರೆದಿಟ್ಟುಕೊಂಡಿದ್ದಳು.

ಬಸಗೊಂಡಪ್ಪನ ಪಡಸಾಲೆಯಲ್ಲಿ ಗಾಜಿನ ಕಪಾಟು, ಅದರ ತುಂಬ ಕಪ್ಪುಗಳು, ಪದಕಗಳು. ಓಡಿದ್ದು ಯಾರೋ, ಮೆರೆಯುವವನು ಯಾರೋ. ಹಿತ್ತಲಿನ ತಗಡಿನ ಶೆಡ್ಡಿನ ಬಾಗಿಲು ಮುಚ್ಚಿತ್ತು. ಒಳಗೆ ಮೋಟರು ಗುಂಯ್‌ಗುಡುತ್ತಿತ್ತು. ಸುಟ್ಟ ರಬ್ಬರಿನ ವಾಸನೆ, ಅದರ ಜೊತೆ ಹಳಸಿದ ಬೆವರಿನ ವಾಸನೆ. ಪಟ್ಟಾದ ಮೇಲೆ ದಪ್ ದಪ್ ಎಂದು ಕಾಲು ಬೀಳುತ್ತಿದ್ದವು. ತೇಕುವ ಸದ್ದು ಹೊರಗಿನವರೆಗೆ ಕೇಳುತ್ತಿತ್ತು. ಬಾಗಿಲ ಮುಂದೆ ಬಸಗೊಂಡಪ್ಪ ಖುರ್ಚಿ ಹಾಕಿಕೊಂಡು, ಕೈಗಡಿಯಾರ ನೋಡುತ್ತಾ, ಬೇಯಿಸಿದ ತತ್ತಿಯ ಸಿಪ್ಪೆ ಸುಲಿಯುತ್ತಿದ್ದ. ಪಕ್ಕದ ಸ್ಟೂಲಿನ ಮೇಲೆ ತುಂಬಿಸಿಟ್ಟ ಸಿರಿಂಜು.

“ಯಂತ್ರ ನಿಲ್ಲಿಸಿ.”

“ಇನ್ನ ನಾಕ ಮಿನಿಟ್ರಿ. ಅದು ಓಡಾಕತ್ತೈತಿ.”

“ಈ ಇಂಜೆಕ್ಷನ್ ಎಲ್ಲಿಂದ ಬಂತು? ನಾನು ಚೀಟಿ ಕೊಟ್ಟಿಲ್ಲ.”

“ಹಳೇ ಚೀಟಿಗೇ ಕೊಟ್ಟಾರ್ರೀ ಅಂಗಡ್ಯಾಗ. ನಿಮ್ಮ ಸಹಿ ಐತಲ್ರಿ.”

ಅವನ ಮೇಲಿದ್ದ ಅಸಹ್ಯ ಒಂದಿಷ್ಟು ತನ್ನ ಮೇಲೂ ತಿರುಗಿತು. “ಅದಕ್ಕೂ ನೋವಾಗುತ್ತೆ ಅನ್ನೋದಾದರೂ ಗೊತ್ತಾ ನಿಮಗೆ?”

“ಗೆದ್ದರ ಅದರ ಜೀವನಾನ ಬದಲಾಗತೈತ್ರಿ.”

ನಾಯಿಯ ಜೀವನ ಬದಲಾಗುವುದಂತೆ. ನಾಚಿಕೆ ಬಿಟ್ಟವನಿಗೆ ಯಾವ ಮಾತೂ ಬಾಯಿಗೆ ಬರುತ್ತದೆ. “ನಾನು ಅದನ್ನ ಈಗಲೇ ಕರೆದುಕೊಂಡು ಹೋಗ್ತೀನಿ,” ಎಂದಳು.

ಬಸಗೊಂಡಪ್ಪ ಮೊದಲ ಸಲ ತಲೆ ಎತ್ತಿ ನೇರ ನೋಡಿದ. “ಕರಕೊಂಡ ಹೋಗಾಕ ನೀವ್ಯಾರ್ರಿ? ಕೂಳು ಹಾಕಿ ಬೆಳೆಸಿದಾಂವ ನಾ.”

ಪ್ರತಿಮಾ ಸರಪಳಿ ಬಿಚ್ಚಿಕೊಂಡು ಬಾಗಿಲ ಕಡೆ ಹೆಜ್ಜೆ ಇಟ್ಟಳು. ಆಗ ಅವಳ ಕೈಗೆ ತಣ್ಣಗೆ ಒದ್ದೆಯಾದದ್ದೇನೋ ತಾಗಿತು.

ಕೆಳಗೆ ನೋಡಿದಳು. ಬಿಳಿ ಹೆಣ್ಣುನಾಯಿ ಬಾಲ ಆಡಿಸುತ್ತಾ ಅವಳ ಕೈ ಮೂಸುತ್ತಿತ್ತು. ಕೊಬ್ಬಿ ಹೊಟ್ಟೆ ಬಂದಿತ್ತು. ಓಡದೆ ಬಿದ್ದುಕೊಂಡ ನಾಯಿಯ ಹಾಗೆ ಉಗುರು ಬೆಳೆದು ಬಾಗಿದ್ದವು. ಅದು ಅವಳ ಕಾಲ ಬಳಿಯೇ ಮೈಚಾಚಿ ಮಲಗಿತು. ಒಳಗೆ ಮಾತ್ರ ದಪ್ ದಪ್ ನಿಲ್ಲಲಿಲ್ಲ.

“ಆತು,” ಎಂದು ಬಸಗೊಂಡಪ್ಪ ಎದ್ದು ಸ್ವಿಚ್ಚು ಆರಿಸಿದ.

ಬಾಗಿಲು ದೂಡಿಕೊಂಡು, ಬೆವರಿನಲ್ಲಿ ತೊಯ್ದ ಇಪ್ಪತ್ತರ ಹುಡುಗಿಯೊಬ್ಬಳು ಹೊರಗೆ ಬಂದು, ಗಂಡಸಿನ ದನಿಯಲ್ಲಿ, “ಅಪ್ಪಾ, ಇವತ್ತೊಂದಿನ ಸೂಜಿ ಬ್ಯಾಡ,” ಎಂದಳು.