ಅವ್ವ ಬಿಟ್ಟುಹೋದ ಮಾತು

ದ್ಯಾವಮ್ಮನ ತಾಯಿ ಸಾಯುವ ಮುಂಚೆ ತಮ್ಮ ಭಾಷೆಯಲ್ಲಿ ಮಗಳಿಗೆಂದು ಆಡಿದ ಮಾತು ವಿಶ್ವವಿದ್ಯಾಲಯದ ಒಂದು ಕಂಪ್ಯೂಟರಿನಲ್ಲಿ ಉಳಿದಿತ್ತು. ಅದನ್ನು ಧ್ವನಿಮುದ್ರಿಸಿಕೊಂಡ ಪ್ರೊಫೆಸರ್ ತೀರಿಕೊಂಡಿದ್ದರು. ವಿಭಾಗ ಮುಚ್ಚಿ, ಕೋಣೆಗೆ ಬೀಗ ಬಿದ್ದಿತ್ತು. ಆ ಭಾಷೆ ಬಲ್ಲವರೆಂದರೆ ಈಗ ದ್ಯಾವಮ್ಮ ಒಬ್ಬಳೇ.

“ಬೀಗ ತೆಗೆಯೋಕೆ ಪರ್ಮಿಷನ್ ಸಿಗ್ಲಿಲ್ಲ ಅಜ್ಜಿ. ಇಲ್ಲಿಂದಲೇ ಆ ಕಂಪ್ಯೂಟರ್ ಎಬ್ಬಿಸೋಕೆ ನೋಡ್ತೀನಿ,” ಎಂದ ವಿಶ್ವವಿದ್ಯಾಲಯದ ತಂತ್ರಜ್ಞ ಫಯಾಜ್.

ಕಪ್ಪು ಪರದೆಯಲ್ಲಿ ಒಂದು ಸಾಲು ಟೈಪ್ ಮಾಡಿದ. ದೂರದ ಕಂಪ್ಯೂಟರನ್ನು ಎಬ್ಬಿಸುವ ತಂತ್ರಾಂಶದ ಪ್ಯಾಕೇಜ್ ಇನ್‌ಸ್ಟಾಲ್ ಆಯಿತು. ಆದೇಶ ಕಳಿಸಿದರೆ ಉತ್ತರವಿಲ್ಲ. ಅದನ್ನು ತೆಗೆದು ಹಳೆಯ ಆವೃತ್ತಿ ಹಾಕಿದ. ಆಗಲೂ ಇಲ್ಲ.

“ಬುಡಪ್ಪ, ಅದೂ ಸತ್ತಿರ್ಬೇಕು.”

“ಇನ್ನೊಂದೇ ಸಲ ಅಜ್ಜಿ.”

ಮತ್ತೆ ಆದೇಶ ಕಳಿಸಿದ. ಆ ಸಲ ಕಂಪ್ಯೂಟರ್ ಎದ್ದಿತು. ಫಯಾಜ್ ಧ್ವನಿಮುದ್ರಿಕೆ ಹುಡುಕಿ ಹಾಕಿದ. ಮೊದಲು ಕೆಮ್ಮು, ಆಮೇಲೆ ಮುದುಕಿಯೊಬ್ಬಳ ನಡುಗುವ ದನಿ. ದ್ಯಾವಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಕೊನೆಯವರೆಗೂ ಕೇಳಿದಳು. ಇನ್ನೊಮ್ಮೆ ಹಾಕಿಸಿ ಕೇಳಿದಳು.

“ಏನಂದ್ರು ಅಜ್ಜಿ, ನಿಮ್ಮವ್ವ?”

“ದನಿ ಅವ್ವಂದೇ ಕಣಪ್ಪ. ಏನಂದ್ಲೋ ತಿಳೀನಿಲ್ಲ. ಆಡೋಕೆ ಯಾರೂ ಇಲ್ದೆ ನಂಗೂ ಮರ್ತೋಗ್ಬುಟ್ಟದೆ.”