ಮೂರನೆಯ ಸಲ ತುಂಡಾದ ತಂತಿ

ತಂತಿಯನ್ನು ಇಲಿ ಕಡಿದಿರಲಿಲ್ಲ. ಯಾರೋ ಬ್ಲೇಡಿನಿಂದ ಕತ್ತರಿಸಿದ್ದರು.

ಸ್ಕೂಟರ್ ಅಕ್ಕ ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಇನ್ನೊಮ್ಮೆ ಬಗ್ಗಿ ನೋಡಿದಳು. ಬೀದಿಯವರೆಲ್ಲ ಅವಳನ್ನು ಕರೆಯುವುದೇ ಹಾಗೆ; ಆ ಸಾಲಿನಲ್ಲಿ ಗಾಡಿ ರಿಪೇರಿ ಮಾಡುವ ಹೆಂಗಸು ಅವಳೊಬ್ಬಳೇ. ತಂತಿಯ ತುದಿ ನುಣ್ಣಗಿತ್ತು. ಎರಡು ತುದಿಗಳನ್ನೂ ತಾಗದಂತೆ ಎದುರುಬದುರು ಇಟ್ಟು, ಮೇಲೆ ಕಪ್ಪು ಟೇಪು ಸುತ್ತಿ, ಏನೂ ಆಗಿಲ್ಲವೆಂಬಂತೆ ಮುಚ್ಚಿದ್ದರು. ಒಂದು ತಿಂಗಳಲ್ಲಿ ಇದು ಮೂರನೆಯ ಸಲ. ಪ್ರತಿ ಸಲವೂ ಬೇರೆ ಜಾಗದಲ್ಲಿ.

"ಸಿಕ್ತಾ?"

ಸ್ಕೂಟರಿನ ಯಜಮಾನ ಅವಳ ಬೆನ್ನಿಗೇ ಬಂದು ನಿಂತಿದ್ದ. ಅಕ್ಕ ಟಾರ್ಚನ್ನು ಬಾಯಿಂದ ತೆಗೆದಳು.

"ನೋಡ್ತಿದ್ದೀನಿ ಸಾರ್."

ನೋಡುವುದೇನೂ ಉಳಿದಿರಲಿಲ್ಲ. ಬ್ಯಾಟರಿಗೆ ಮೀಟರು ಹಚ್ಚಿ, ಎಂಜಿನ್ ಓಡಿಸಿ, ಆಗಲೇ ಪರೀಕ್ಷಿಸಿದ್ದಳು. ಹದಿನಾಲ್ಕು ವೋಲ್ಟಿಗೆ ಏರಬೇಕಾದ ಅಂಕಿ ಹನ್ನೆರಡರ ಆಸುಪಾಸಿನಲ್ಲೇ ಮೊಂಡು ಹಿಡಿದು ಕೂತಿತ್ತು. ಕಾಯಿಲ್ ಸರಿ ಇತ್ತು. ರೆಗ್ಯುಲೇಟರ್ ಸರಿ ಇತ್ತು. ಹುಟ್ಟಿದ ಕರೆಂಟು ಬ್ಯಾಟರಿಗೆ ತಲುಪುತ್ತಿರಲಿಲ್ಲ, ಅಷ್ಟೇ. ಇಂಥ ಗಾಡಿ ಮನೆಯ ಮುಂದೆ ಬಟನ್ ಒತ್ತಿದ ಕೂಡಲೇ ಸ್ಟಾರ್ಟ್ ಆಗುತ್ತದೆ. ಬ್ಯಾಟರಿಯಲ್ಲಿದ್ದುದನ್ನು ತಿನ್ನುತ್ತ ಒಂದು ಗಂಟೆ ಓಡುತ್ತದೆ. ಆಮೇಲೆ, ಮುಂದೆಯೂ ಊರಿಲ್ಲ ಹಿಂದೆಯೂ ಊರಿಲ್ಲ ಎನ್ನುವಲ್ಲಿ, ಸತ್ತು ನಿಲ್ಲುತ್ತದೆ.

ಸಿಟ್ಟು ಬಂದವರು ಟಯರಿಗೆ ಮೊಳೆ ಹೊಡೆಯುತ್ತಾರೆ. ಇದು ಕೂತು ಯೋಚಿಸಿ ಮಾಡಿದ ಕೆಲಸ.

"ಗಾಡಿ ನನಗಲ್ಲಮ್ಮ, ಇವಳಿಗೆ," ಎಂದ ಅವನು. "ಮಗಳನ್ನ ನೋಡಬೇಕು ಅಂತ ಪ್ರಾಣ ತಿಂತಾಳೆ. ಎರಡು ಗಂಟೆ ದಾರಿ. ಪ್ರತಿ ಸಲ ಅರ್ಧದಲ್ಲೇ ಕೈ ಕೊಡುತ್ತೆ."

ಅವನ ಹೆಂಡತಿ ಬಾಗಿಲ ಬಳಿ ನಿಂತಿದ್ದಳು. ಕುಳ್ಳಗಿನ ಹೆಂಗಸು. ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಬಂದಾಗಿನಿಂದ ಅವಳ ಕಣ್ಣು ಅಕ್ಕನ ಕೈಗಳನ್ನು ಬಿಟ್ಟು ಕದಲಿರಲಿಲ್ಲ.

"ನಿಧಾನವಾಗಿ ಮಾಡಿ," ಎಂದಳು. "ನಮಗೇನೂ ಅವಸರ ಇಲ್ಲ."

"ಇವಳಿಗೆ ಯಾವುದಕ್ಕೆ ತಾನೇ ಅವಸರ?" ಗಂಡ ನಕ್ಕ. "ಹಾಲು ಉಕ್ಕಿ ಒಲೆ ಆರಿದ ಮೇಲೆ ಎದ್ದು ಬರೋಳು."

ಅಕ್ಕ ನಗಲಿಲ್ಲ. ಸ್ಕೂಟರಿನ ಕನ್ನಡಿಗಳು ಎಷ್ಟು ಮೇಲಕ್ಕೆ ತಿರುಗಿದ್ದವೆಂದರೆ, ಆ ಹೆಂಗಸು ಕೂತರೆ ಆಕಾಶ ಬಿಟ್ಟು ಬೇರೇನೂ ಕಾಣುವಂತಿರಲಿಲ್ಲ. ಅಷ್ಟನ್ನೂ ಅವಳಿಷ್ಟಕ್ಕೆ ಬಿಟ್ಟಿಲ್ಲ ಈ ಮನುಷ್ಯ, ಎಂದುಕೊಂಡಳು.

ಇಂಥವನೊಬ್ಬನ ಜೊತೆ ಅಕ್ಕ ಹನ್ನೊಂದು ವರ್ಷ ಬಾಳಿದ್ದಳು. ಅವನು ಕೆಲಸಕ್ಕೆ ಹೋಗುವಾಗ, ಅವಳ ಗಾಡಿ ಓಡದಂತೆ ಅದರ ಪ್ಲಗ್ ಬಿಚ್ಚಿ ಅಂಗಿ ಜೇಬಿನಲ್ಲಿ ಹಾಕಿಕೊಂಡು ಹೋಗುತ್ತಿದ್ದ. ಬೇರೆ ಪ್ಲಗ್ ತಂದು ಕದ್ದು ಹಾಕುವುದನ್ನು ಕಲಿತ ದಿನವೇ ಅವಳು ಈ ವಿದ್ಯೆಗೆ ಕೈ ಹಚ್ಚಿದ್ದು.

"ಇಲಿ ಸಾರ್," ಎಂದಳು. "ರುಚಿ ಕಂಡಿದೆ."

"ಇಲಿ!" ಅವನು ಹೆಂಡತಿಯ ಕಡೆ ತಿರುಗಿದ. "ಕೇಳಿಸ್ಕೊಂಡ್ಯಾ? ಸಿಗಲಿ ಆ ಇಲಿ ನನ್ನ ಕೈಗೆ."

ಹೆಂಡತಿ ತಲೆ ತಗ್ಗಿಸಿದಳು. ಎಂಥ ನಾಟಕ ಆಡುತ್ತಾನೆ, ಎಂದುಕೊಂಡಳು ಅಕ್ಕ. ದೊಡ್ಡ ಸ್ಪ್ಯಾನರನ್ನು ಕಾಲಿನ ಹತ್ತಿರಕ್ಕೆ ಎಳೆದಿಟ್ಟುಕೊಂಡಳು.

ಈ ಸಲ ಅವಳು ತಂತಿಗೆ ತೇಪೆ ಹಾಕಲಿಲ್ಲ. ಹಳೆಯದನ್ನು ಪೂರ್ತಿ ಕಿತ್ತಳು. ದಪ್ಪನೆಯ ಹೊಸ ತಂತಿಯನ್ನು ಗಾಡಿಯ ಕಬ್ಬಿಣದ ಕೊಳವೆಯೊಳಗೇ ತೂರಿಸಿ ತಂದಳು. ಎರಡೂ ಕಡೆ ಬೆಸುಗೆ ಹಾಕಿ, ಮೇಲೆ ತಗಡು ಮುಚ್ಚಿ, ರಿವೆಟ್ ಹೊಡೆದಳು. ಇನ್ನು ಅದನ್ನು ಮುಟ್ಟಬೇಕೆಂದರೆ ಡ್ರಿಲ್ ಬೇಕು. ಎಂಜಿನ್ ಓಡಿಸಿದಳು. ಮೀಟರಿನ ಅಂಕಿ ಸರಸರನೆ ಏರಿ ಹದಿನಾಲ್ಕು ದಾಟಿ ನಿಂತಿತು.

ಅವನು ಕೈ ತೊಳೆಯಲು ಹಿಂದಿನ ನಲ್ಲಿಗೆ ಹೋದ. ಅಕ್ಕ ಆ ಹೆಂಗಸಿನ ಹತ್ತಿರ ಸರಿದಳು.

"ಇಲಿ ಅಂದಿದ್ದು ಸುಮ್ಮನೆ ಕಣಮ್ಮ. ನನಗೆಲ್ಲ ಗೊತ್ತಾಗಿದೆ. ಇನ್ನು ಯಾರೇ ಬರಲಿ, ಬ್ಲೇಡ್ ಹಾಕೋಕೆ ಅಲ್ಲಿ ಜಾಗ ಇಲ್ಲ."

ಹೆಂಗಸಿನ ಮುಖ ಬಿಳಿಚಿಕೊಂಡಿತು. "ತೆಗೆದುಬಿಡಿ," ಎಂದು ಉಸುರಿದಳು. "ಮೊದಲಿನ ಹಾಗೇ ಮಾಡಿಬಿಡಿ ಅಕ್ಕಾ. ಈಗಲೇ."

ಎಷ್ಟು ಹೆದರಿಸಿಟ್ಟಿದ್ದಾನೆ! ಅಂದು ಅಕ್ಕನೂ ಮೊದಲ ಸಲ ಪ್ಲಗ್ ಹಾಕಿದವಳೇ ತನ್ನ ಗಂಡ ಬರುವ ಹೊತ್ತಿಗೆ ಅಂಜಿ ಕಿತ್ತಿದ್ದಳು.

"ಧೈರ್ಯ ತಗೊಳ್ಳಿ. ಮಗಳನ್ನ ನೋಡ್ಕೊಂಡು ಬನ್ನಿ."

ಅವನು ಕೈ ಒರೆಸಿಕೊಳ್ಳುತ್ತ ಬಂದ. "ಎಷ್ಟು ದೂರ ಹೋಗುತ್ತೆ ಈಗ?"

"ಪೆಟ್ರೋಲ್ ಇರೋವರೆಗೂ ಹೋಗುತ್ತೆ ಸಾರ್," ಎಂದಳು ಅಕ್ಕ, ಬೇಕೆಂದೇ ಅವನ ಕಣ್ಣಲ್ಲಿ ಕಣ್ಣಿಟ್ಟು. ಅವನ ಮುಖ ಬಾಡುತ್ತದೆಂದು ಕಾದಳು.

ಮುಖ ಬಾಡಲಿಲ್ಲ. ಅರಳಿತು.

"ನೀನು ನಡ್ಕೊಂಡು ಮನೆಗೆ ಹೋಗು," ಎಂದು ಹೆಂಡತಿಗೆ ಹೇಳಿ, ತಾನೇ ಹತ್ತಿ ಕೂತ. ಕಾಲು ಚಾಚಿದ. ಕನ್ನಡಿಗಳನ್ನು ಅವನು ಮುಟ್ಟಲೂ ಇಲ್ಲ; ಅವು ಮೊದಲೇ ಅವನ ಎತ್ತರಕ್ಕೆ ಸರಿಯಾಗಿದ್ದವು. ಸ್ಕೂಟರ್ ಬೀದಿಯ ತುದಿಗೆ ಹೋಗಿ, ಮನೆಗಳಿದ್ದ ಕಡೆ ತಿರುಗದೆ, ಹೆದ್ದಾರಿಗೆ ಇಳಿಯಿತು.

ಹೆಂಗಸು ರಸ್ತೆಯ ಮಧ್ಯದವರೆಗೂ ಓಡಿದಳು. ಅಲ್ಲಿಂದ ತಿರುಗಿ ಓಡಿ ಬಂದಳು. ಗ್ರೀಸು ಹತ್ತಿದ ಅಕ್ಕನ ಎರಡೂ ಕೈಗಳನ್ನು ಹಿಡಿದುಕೊಂಡಳು.

"ನಿಮ್ಮ ಫೋನ್ ಕೊಡಿ ಅಕ್ಕಾ, ಬೇಗ. ತಂತಿ ಕತ್ತರಿಸ್ತಿದ್ದದ್ದು ನಾನು. ಮಗಳು ಅವಿತುಕೊಂಡಿರೋದೇ ಅವರಿಗೆ ಹೆದರಿ. ಅಪ್ಪ ಬರ್ತಿದ್ದಾರೆ, ಈಗಲೇ ಮನೆ ಬಿಡು ಅಂತ ಹೇಳಬೇಕು."