ಹನ್ನೆರಡಕ್ಕೆ ಮೂರು ನಿಮಿಷ

ಧಾರವಾಡದಲ್ಲಿ ದಿನಕ್ಕೆ ಎರಡು ಕಾನೂನು. ಬೆಳಿಗ್ಗೆ ಹಳೆಯ ತೀರ್ಪುಗಳನ್ನೇ ಆಧರಿಸಿದ ಪೂರ್ವತೀರ್ಪುಗಳ ಕಾನೂನು ನಡೆಯುತ್ತಿತ್ತು. ಹನ್ನೆರಡರ ಸೈರನ್ ಕೂಗಿದ ಮೇಲೆ ಬರೆದಿಟ್ಟ ಸಂಹಿತೆಯದು. ಬೆಳಿಗ್ಗೆ ಬಿದ್ದವನನ್ನು ಎತ್ತುವ ಹೊಣೆ ಯಾರಿಗೂ ಇರಲಿಲ್ಲ. ಆದರೆ ಕೈ ಹಾಕಿದವರು ಅವನಿಗೆ ಆಗುವುದಕ್ಕೆಲ್ಲ ಉತ್ತರ ಕೊಡಬೇಕಿತ್ತು. ಮಧ್ಯಾಹ್ನವಾದರೆ ಎತ್ತಿದವರಿಗೆ ರಕ್ಷಣೆ, ಎತ್ತದವರೇ ತಪ್ಪಿತಸ್ಥರು.

ಆದ್ದರಿಂದಲೇ, ಹನ್ನೆರಡಕ್ಕೆ ಮೂರು ನಿಮಿಷವಿದ್ದಾಗ ಕಾನೂನು ಕಾಲೇಜಿನ ಮುದಕವಿ ಸರ್ ಎದೆ ಹಿಡಿದುಕೊಂಡು ಬಸ್ ನಿಲ್ದಾಣದಲ್ಲಿ ಕುಸಿದದ್ದೇ ತಡ, ಜನ ಸರಸರನೆ ಚದುರಿದರು. ಸೈರನ್ ಹೊತ್ತಿಗೆ ಅಲ್ಲಿ ಸಿಕ್ಕಿಬೀಳುವುದು ಯಾರಿಗೂ ಬೇಕಿರಲಿಲ್ಲ. ಉಳಿದವರು ಇಬ್ಬರೇ: ಹೂ ಮಾರುವ ಮುದುಕಿ, ಮತ್ತು ಎರಡೂ ಕಾನೂನುಗಳನ್ನು ಸರ್ ಬಳಿಯೇ ಓದುತ್ತಿದ್ದ ನೀಲಾಂಬಿಕಾ.

ಸರ್ ಕೈಜಾರಿ ಉರುಳಿದ್ದ ಡಬ್ಬಿಯಿಂದ ಮಾತ್ರೆ ತೆಗೆದು ನೀಲಾಂಬಿಕಾ ಅವರ ಬಾಯಿಯ ಬಳಿ ಒಯ್ದಳು. ಅವರು ಮುಖ ತಿರುಗಿಸಿದರು.

“ಮುಟ್ಟಬ್ಯಾಡ. ನಾ ಸತ್ರ ನಿನ್ನ ತಲಿಗಿ ಬರ್ತದ. ಮೂರು ನಿಮಿಷ ತಡಿ, ಆಮ್ಯಾಲ ಸಂಹಿತೆ ನಿನ್ನ ಕಾಯ್ತದ.”

“ಅಲ್ಲೀತನಕಾ ನೀವು ತಡೀತೀರೇನ್ರಿ ಸರ್?”

“ಪರೀಕ್ಷಾದಾಗ ಇಷ್ಟು ವಾದ ಮಾಡಿದ್ರ ಪಾಸಾಗ್ತಿದ್ದಿ.” ನಗಲು ಹೋಗಿ ಅವರ ಉಸಿರು ಸಿಕ್ಕಿಕೊಂಡಿತು. ತುಟಿ ನೀಲಿಗಟ್ಟುತ್ತಿತ್ತು. “ಟೈಮ್ ಎಷ್ಟಾತು?”

ಇನ್ನೂ ಎರಡು ನಿಮಿಷವಿತ್ತು.

“ಹನ್ನೆರಡು ದಾಟೇದರಿ,” ಎಂದಳು ನೀಲಾಂಬಿಕಾ.

“ಸೈರನ್ ಕೇಳಲಿಲ್ಲಲ್ಲ.”

“ನಿಮ್ಮ ಕಿವಿ ಮಂದ ಆಗ್ಯಾವ್ರಿ.”

ಅನುಮಾನದಿಂದ ಅವರ ಕಣ್ಣು ಮುದುಕಿಯ ಕಡೆ ಹೊರಳಿತು.

“ಕೂಗಿ ಭಾಳ ಹೊತ್ತಾತ್ರಿ ಮಾಸ್ತರ,” ಎಂದಳು ಮುದುಕಿ, ಮಲ್ಲಿಗೆಗೆ ನೀರು ಚಿಮುಕಿಸುತ್ತ.

ಅವರು ಮಾತ್ರೆಗೆ ಬಾಯಿ ತೆರೆದರು.